ಮೂರು ಕಿಲೋ ಕಮ್ಮಿ

ಬೆಂಗಳೂರಿನ ಉಲ್ಲಾಳದಲ್ಲಿ ಗುಜರಿ ಅಂಗಡಿ ಇಟ್ಟಿದ್ದ ರುದ್ರೇಶ ಕೆಟ್ಟವನೇನಲ್ಲ, ತಕ್ಕಡಿ ವಿಷಯವೊಂದನ್ನು ಬಿಟ್ಟರೆ. ಮೇಜಿನಡಿ ಒಂದು ಸ್ವಿಚ್ಚಿತ್ತು. ಒತ್ತಿದರೆ ಎಲೆಕ್ಟ್ರಾನಿಕ್ ತಕ್ಕಡಿ ಮೂರು ಕಿಲೋ ಕಮ್ಮಿ ತೋರಿಸುತ್ತಿತ್ತು. ಈ ಕಸುಬಿನಲ್ಲಿ ಯಾರು ಮಾಡಲ್ಲ ಹೇಳಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಎಷ್ಟೋ ವರ್ಷವಾಗಿತ್ತು.

ಪಕ್ಕದ ಕ್ಲಿನಿಕ್ಕಿನ ಡಾಕ್ಟರ್ ಮುನಿರಾಮಯ್ಯ, ಉಲ್ಲಾಳ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಕೂತವರು, ಒಂದು ದಿನ ಹಾಲವ್ವನನ್ನು ಕರೆತಂದರು. ಬಿಲ್ಡಿಂಗ್ ಕೆಲಸಕ್ಕೆಂದು ಬಾಗಲಕೋಟೆ ಕಡೆಯಿಂದ ಬಂದಿದ್ದ ಅಮೀನಪ್ಪನ ಹೆಂಡತಿ ಆಕೆ.

“ಇವರ ಹಾರ್ಟು ವೀಕು ಕಣೋ. ಮಾತ್ರೆ ಕೊಟ್ರೆ ಬಿಪಿ ಬಿದ್ದುಹೋಗುತ್ತೆ, ಕಿಡ್ನಿ ತಡೆಯಲ್ಲ. ದೊಡ್ಡಾಸ್ಪತ್ರೆಯವರೇ ನಿಲ್ಲಿಸಿಬಿಟ್ಟಿದ್ದಾರೆ. ಇನ್ನುಳಿದಿರೋದು ಉಪ್ಪು ಬಿಡೋದು, ನೀರು ಅಳೆದು ಕುಡಿಯೋದು, ದಿನಾ ಎದ್ದ ಕೂಡ್ಲೇ ತೂಕ ನೋಡೋದು. ನಾನು ಬರೋದು ಹತ್ತಕ್ಕೆ, ನೀನು ಆರಕ್ಕೇ ಬಾಗಿಲು ತೆಗೀತೀಯ. ಮೂರು ದಿನದಲ್ಲಿ ಎರಡು ಕಿಲೋ ಏರಿದ್ರೆ ಮೈಯಲ್ಲಿ ನೀರು ತುಂಬ್ತಿದೆ ಅಂತ. ಆಗ ತಕ್ಷಣ ನಂಗೆ ಫೋನ್ ಮಾಡು, ಆಸ್ಪತ್ರೆಗೆ ಹಾಕಿ ಉಳಿಸ್ಕೋಬಹುದು.”

ಎಂಟು ತಿಂಗಳು ರುದ್ರೇಶ ಒಂದು ದಿನವೂ ತಪ್ಪಲಿಲ್ಲ. ಹಾಲವ್ವ ಬಂದಳೆಂದರೆ ಮೊದಲು ಸ್ವಿಚ್ಚು ಆರಿಸುತ್ತಿದ್ದ. ಐವತ್ತೆರಡು ಕಿಲೋ, ದಿನವೂ ಅಷ್ಟೇ. ಅವಳ ಜೀವ ತನ್ನ ಕೈಯಲ್ಲಿದೆ ಎಂದು ಒಳಗೊಳಗೇ ಬೀಗುತ್ತಿದ್ದ ಕೂಡ.

ಏಪ್ರಿಲ್ ಬಂತು. ಪರೀಕ್ಷೆ ಮುಗಿದು ಲೇಔಟಿನ ಮನೆಮನೆಯಿಂದ ಪುಸ್ತಕದ ಮೂಟೆಗಳು ಬೆಳಗಾಗುವುದರೊಳಗೇ ಬಂದು ಬೀಳತೊಡಗಿದವು. ಆ ಗಡಿಬಿಡಿಯಲ್ಲಿ ಸ್ವಿಚ್ಚು ಮರೆತೇ ಹೋಯಿತು. ಹಾಲವ್ವ ನಿಂತರೆ ತಕ್ಕಡಿ ಮೊದಲ ದಿನ ಐವತ್ತು ತೋರಿಸಿತು, ಮಾರನೆಯ ದಿನವೂ ಐವತ್ತು, ಮೂರನೆಯ ದಿನ ಐವತ್ತೊಂದು.

“ಮಲ್ಕೊಂಡ್ರ ಉಸಿರು ಕಟ್ಟತೈತೋ ಯಪ್ಪಾ,” ಎಂದಳು ಹಾಲವ್ವ.

“ಅಯ್ಯೋ, ತೂಕ ಇಳ್ದಿದೆ ಕಣವ್ವಾ! ಬಿಸಿಲಿಗೆ ಹಂಗಾಗುತ್ತೆ, ಹೋಗಿ ಮಲಗು,” ಎಂದು ಕಳಿಸಿದ. ಅವಳು ನಂಬಿ ಹೋದಳು.

ನಾಲ್ಕನೆಯ ದಿನ ಅವಳು ಬರಲಿಲ್ಲ. ಆಸ್ಪತ್ರೆ ಬಾಗಿಲಲ್ಲೇ ಜೀವ ಬಿಟ್ಟಳು ಎಂಬ ಸುದ್ದಿ ಬಂದಾಗ ರುದ್ರೇಶ ಮೇಜಿನಡಿ ಬಗ್ಗಿ ನೋಡಿದ. ಸ್ವಿಚ್ಚು ಒತ್ತಿದಂತೆಯೇ ಇತ್ತು.

ಗಂಡಹೆಂಡತಿ ಇದ್ದ ಕೂಲಿಯವರ ಶೆಡ್ಡಿಗೆ ಓಡಿಹೋದರೆ ಡಾಕ್ಟರು ಆಗಲೇ ಬಂದಿದ್ದರು, ಹೆಣದ ಮುಂದೆ ಕೂತು ಅಮೀನಪ್ಪ ಎದೆ ಬಡಿದುಕೊಳ್ಳುತ್ತಿದ್ದ. “ಅಮಾಸಿ ದಿನ ಬಾಯಿ ಕೆಟ್ಟೈತಿ ಅಂದ್ಳು ಅಂತ ಒಂದ ಹಪ್ಪಳ ಕೊಟ್ಟಿದ್ದೆ ಡಾಕ್ಟ್ರ. ನಾನ ಕೊಂದೆ.”

“ಒಂದು ಹಪ್ಪಳಕ್ಕೆ ಹೀಗಾಗಲ್ಲಪ್ಪ. ತೂಕ ಏರದೇ ನೀರು ತುಂಬಿದ್ದು ಹೇಗೆ ಅಂತ ನಂಗೇ ತಿಳೀತಿಲ್ಲ,” ಎಂದರು ಡಾಕ್ಟರು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಗಂಡ ಹಪ್ಪಳದ ಪಾಪ ಹೊತ್ತು ಸಾಯುವುದನ್ನು ರುದ್ರೇಶನಿಂದ ನೋಡಲಾಗಲಿಲ್ಲ. “ತೂಕ ಏರಿತ್ತು ಸಾರ್. ಜನಕ್ಕೆ ಮೋಸ ಮಾಡೋಕೆ ತಕ್ಕಡಿ ಕಮ್ಮಿ ತೋರ್ಸೋ ಹಾಗೆ ಮಾಡ್ಸಿಟ್ಟಿದ್ದೆ. ಇವರು ಬಂದಾಗ ಆರಿಸ್ತಿದ್ದೆ. ಈ ಸಲ ಮರ್ತೆ.”

ಡಾಕ್ಟರು ಮುಖ ತಿರುಗಿಸಿದರು. ಅಮೀನಪ್ಪ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಹೆಂಡತಿಯ ಊದಿದ ಪಾದವನ್ನು ಸವರಿದ.

“ಹಂಗಾರ ಆಕಿ ಹೇಳಿದ್ದು ಖರೇನ ಇತ್ತು,” ಎಂದ. “ನಿನ್ನಿ ದಿನಾ ಪೂರ್ತಿ ಉಸಿರು ಹತ್ತತೈತಿ ಅಂತ ಅತ್ತಳೋ ಯಪ್ಪಾ. ತೂಕ ಇಳದೈತಿ, ನಾಟಕ ಮಾಡಬ್ಯಾಡ ಸುಮ್ನ ಬೀಳು ಅಂತ ನಾ ಬೈದೆ.”