ಜೀರಿಗೆ ಪೊಟ್ಟಣದ ಮದುಮಗಳು

ಗಿರಿಜಾಂಬ ತಾನು ಬರೆದ ನಲವತ್ತು ಹಾಳೆಗಳನ್ನು ಒಲೆಗೆ ಹಾಕಬೇಕೆಂದೇ ಅಡುಗೆಮನೆಗೆ ತಂದಿದ್ದಳು. ಆದರೆ ಒಲೆಯ ಮೇಲೆ ಹಾಲಿತ್ತು. ಕಾಗದದ ಉರಿ ಎದ್ದು ಹಾಲು ಉಕ್ಕಿಹೋದರೆ ಅತ್ತೆ ಬಸವಲಿಂಗಮ್ಮನಿಗೆ ಉತ್ತರ ಹೇಳಬೇಕಾಗುತ್ತಿತ್ತು. ಹಾಗಾಗಿ ಮನೆಯ ಮುಂಭಾಗದಲ್ಲೇ ಇದ್ದ ಗಂಡನ ದಿನಸಿ ಅಂಗಡಿಗೆ ಹೋಗಿ, ಪೊಟ್ಟಣ ಕಟ್ಟಲು ಇಟ್ಟಿದ್ದ ಹಳೇ ಕಾಗದದ ರಾಶಿಯೊಳಗೆ ಅವನ್ನು ತುರುಕಿ ಬಂದಳು. ಗಂಡ ಚನ್ನಲಿಂಗಪ್ಪ ಬೆಲ್ಲದ ಅಚ್ಚು ಒಡೆಯುತ್ತಿದ್ದ, ನೋಡಲಿಲ್ಲ.

ಅವಳು ಕ್ಲೋಸ್‌ಪೇಟೆಯ, ಅಂದರೆ ಈಗಿನ ರಾಮನಗರದ, ಹುಡುಗಿ. ಮಹಾರಾಜರ ಸರ್ಕಾರ ತೆರೆದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕು ವರ್ಷ ಓದಿ ಚನ್ನಪಟ್ಟಣಕ್ಕೆ ಸೊಸೆಯಾಗಿ ಬಂದವಳು. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಕದ್ದು ಬರೆಯುತ್ತಿದ್ದಳು. ಅವಳ ಕಥೆಯಲ್ಲಿ ತಿಪ್ಪಸಂದ್ರಕ್ಕೆ ಹೊರಟ ಒಂದು ದಿಬ್ಬಣ, ಕಬ್ಬಾಳಿಗೆ ಹೊರಟ ಇನ್ನೊಂದು ದಿಬ್ಬಣ, ಎರಡೂ ಒಂದೇ ಕೆರೆ ಏರಿಯ ಮೇಲೆ ಬುತ್ತಿ ಬಿಚ್ಚುತ್ತವೆ. ಉಂಡು ತೂಕಡಿಸುತ್ತಿದ್ದ ಇಬ್ಬರು ಮದುವಣಗಿತ್ತಿಯರು ಅದಲುಬದಲಾಗಿ ಗಾಡಿ ಹತ್ತಿಬಿಡುತ್ತಾರೆ. ತಿಪ್ಪಸಂದ್ರಕ್ಕೆ ಹೋಗಬೇಕಾದ ಚೆಲುವಿ ಕಬ್ಬಾಳಿನಲ್ಲಿ ಇಳಿಯುತ್ತಾಳೆ. ತಪ್ಪು ಮನೆ ಎಂದು ಅವಳಿಗೆ ತಕ್ಷಣ ತಿಳಿಯುತ್ತದೆ. ಆದರೆ ಹೋಳಿಗೆ ಬಿಸಿಯಾಗಿದ್ದುದರಿಂದ ಊಟ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ.

ಹಬ್ಬಕ್ಕೆ ಬಂದಿದ್ದ ಬೆಂಗಳೂರಿನ ಸೋದರಮಾವ ವೃಷಭೇಂದ್ರಪ್ಪ ಪತ್ರಿಕೆಗಳಿಗೆ ಲೇಖನ ಬರೆಯುವವರು. ಅವರಿಗೆ ಧೈರ್ಯ ಮಾಡಿ ತೋರಿಸಿದ್ದಳು. ಅವರು ನಾಲ್ಕು ಹಾಳೆ ತಿರುವಿ, “ಅಲಂಕಾರವಿಲ್ಲ, ವರ್ಣನೆಯಿಲ್ಲ. ಇದು ಬಾವಿಕಟ್ಟೆ ಮಾತು ಕಣಮ್ಮ, ಕಥೆಯಲ್ಲ” ಎಂದು ಮೃದುವಾಗಿ ಹೇಳಿ ರೈಲು ಹತ್ತಿದರು. ಗದರಿದ್ದರೆ ಅವಳಿಗೆ ಸಿಟ್ಟಾದರೂ ಬರುತ್ತಿತ್ತು. ಮೃದುವಾಗಿ ಹೇಳಿದ್ದರಿಂದ ನಂಬಿಬಿಟ್ಟಳು.

ಹಾಳೆ ತುರುಕಿದ ಐದನೆಯ ದಿನ ಹಿತ್ತಲ ಬಾಗಿಲಿಗೆ ಕರೀಮುನ್ನೀಸಾ ಬಂದಳು. ಹಿಂದಿನ ಬೀದಿಯಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಹೆಂಗಸು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳೆಲ್ಲ ಬೆಳ್ಳಗಾಗಿದ್ದವು.

“ಗಿರ್ಜಮ್ಮ, ನಿಮ್ ಯಜಮಾನ್ರನ್ನ ಒಸಿ ಕೇಳಿ ಹೇಳವ್ವ. ಆ ಚೆಲುವಿ ಹೋಳಿಗೆ ತಿಂದ್ಮೇಕೆ ಏನಾಯ್ತಂತೆ?”

ಗಿರಿಜಾಂಬಳ ಕೈಯಲ್ಲಿದ್ದ ಮೊರ ಓರೆಯಾಗಿ ಅರ್ಧ ಅಕ್ಕಿ ನೆಲಕ್ಕೆ ಬಿತ್ತು.

“ಯಾವ ಚೆಲುವಿ?”

“ಜೀರಿಗೆ ಪೊಟ್ಟಣದಾಗೆ ಬಂದ್ಳಲ್ಲ, ಆ ಮದುಮಗಳು. ನಮ್ ತಮ್ಮ ತಾಜ್ ಪಾಷಾ ಓದಿ ಹೇಳ್ದ. ಮರದ ಗೊಂಬೆ ಕಡೆಯೋದ್ ಬುಟ್ಟು ನಗ್ತಾ ಕೂತವ್ನೆ. ನಂಗೆ ಮುಂದಿನ ಹಾಳೆ ಬೇಕು. ಅದು ಮೆಣಸಲ್ಲೈತೋ ಸಾಸಿವೇಲೈತೋ ಗೊತ್ತಿಲ್ಲ. ಎರಡೂ ಕೊಡ್ಲಿ.”

ಗಿರಿಜಾಂಬ ಓಡಿಹೋಗಿ ಅಂಗಡಿಯ ಕಡೆಗಿದ್ದ ಬಾಗಿಲ ಸಂದಿಗೆ ಕಣ್ಣಿಟ್ಟಳು. ಸಂತೆಯ ದಿನವೂ ಅಷ್ಟು ಜನ ಇರುತ್ತಿರಲಿಲ್ಲ. ಶಾಲೆಯ ಮೇಷ್ಟ್ರು ಹನುಮಂತಯ್ಯ ಎಣ್ಣೆ ಜಿಡ್ಡಿನ ಹಾಳೆಯೊಂದನ್ನು ಬೆಳಕಿಗೆ ಹಿಡಿದು, “ಹನ್ನೆರಡು ನನ್ನಲ್ಲಿದೆ, ಹದಿಮೂರು ಯಾರಲ್ಲಿದೆ?” ಎಂದು ಕೇಳುತ್ತಿದ್ದರು. ಹದಿಮೂರು ಕೊತ್ತಂಬರಿ ಬೀಜದ ಜೊತೆ ದೊಡ್ಡಮಳೂರಿಗೆ ಹೋಗಿತ್ತು. ತರಲು ಯಾರೋ ಆಗಲೇ ಹೊರಟಿದ್ದರು.

“ಇದನ್ನ ಬರ್ದೋರು ಯಾರು ಚನ್ನಲಿಂಗಪ್ಪ?” ಎಂದು ಗುಂಪಿನಲ್ಲೊಬ್ಬರು ಕೇಳಿದರು.

“ಬೆಂಗ್ಳೂರಿನ ರದ್ದಿ ಸ್ವಾಮಿ. ಯಾವನೋ ಭಾರಿ ವಿದ್ವಾಂಸ ಇರ್ಬೇಕು” ಎಂದ ಅವಳ ಗಂಡ.

ಅಷ್ಟರಲ್ಲಿ ಮೇಷ್ಟ್ರು ಹೋಳಿಗೆಯ ಭಾಗ ಓದಿದರು. ಬರೆಯುವಾಗ ಅತ್ತೆಗೆ ಎಚ್ಚರವಾದೀತೆಂದು ಅವಳು ಸೆರಗು ಕಚ್ಚಿಕೊಂಡು ನಕ್ಕಿದ್ದ ಜಾಗದಲ್ಲೇ ಅಂಗಡಿಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಗಿರಿಜಾಂಬಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿತ್ತಲಿಗೆ ಬಂದು ಕರೀಮುನ್ನೀಸಾಳ ಎರಡೂ ಕೈ ಹಿಡಿದುಕೊಂಡು, “ನಾನು ಕಣಕ್ಕ, ಅದು ನಾನು” ಎಂದಳು. ಕರೀಮುನ್ನೀಸಾ ಕಣ್ಣರಳಿಸಿ, ಬಾವಿಯ ಹಗ್ಗಕ್ಕೆ ಎಡವುವವರೆಗೆ ಅವಳನ್ನು ಗಿರಗಿರ ತಿರುಗಿಸಿದಳು.

ನಲವತ್ತನೆಯ ಹಾಳೆಯಲ್ಲಿ, ತಿಪ್ಪಸಂದ್ರದ ಮದುಮಗ ಕಳೆದುಹೋದ ಮದುಮಗಳನ್ನು ಹುಡುಕಲು ಹಿತ್ತಲ ಬಾಗಿಲಿನಿಂದ ಮೆಲ್ಲಗೆ ಹೊರಬೀಳುತ್ತಾನೆ. ಗಿರಿಜಾಂಬ ಬರೆದದ್ದು ಅಲ್ಲಿಗೇ ನಿಂತಿತ್ತು. ಊರೂ ಅಲ್ಲಿಗೇ ಬಂದು ನಿಂತಿತು. ಅರೆಬರೆ ರದ್ದಿ ತರುತ್ತೀಯಲ್ಲ ಎಂದು ಜನ ಚನ್ನಲಿಂಗಪ್ಪನನ್ನು ಬಯ್ದರು.

ಅವಳು ಮುಂದಿನದನ್ನು ಬರೆಯಲು ಕೂತಳು. ಮೂರು ಮಧ್ಯಾಹ್ನ ಕಳೆದರೂ ಒಂದು ಸಾಲು ಬರಲಿಲ್ಲ. ಒಂದು ಮಾತು ಬರೆದರೆ ಮಾವ ಕನ್ನಡಕ ಸರಿಮಾಡಿಕೊಳ್ಳುವುದು ಕಾಣುತ್ತಿತ್ತು. ಅದನ್ನು ಹೊಡೆದುಹಾಕಿ ಇನ್ನೊಂದು ಬರೆದರೆ ಮೇಷ್ಟ್ರು ಹುಬ್ಬು ಗಂಟಿಕ್ಕುವುದು ಕಾಣುತ್ತಿತ್ತು.

“ಆಗಾಕಿಲ್ಲ ಕಣಕ್ಕ” ಎಂದಳು ಕರೀಮುನ್ನೀಸಾಳಿಗೆ. “ಆಗ ಯಾರೂ ನೋಡೋರಿರ್ನಿಲ್ಲ, ಬಂತು. ಮುಂದಿಂದು ಚೆನ್ನಾಗಿಲ್ದೆ ಹೋದ್ರೆ? ಮಾವ ಹೇಳಿದ್ದೇ ದಿಟ ಆಗೋದ್ರೆ?”

ಕರೀಮುನ್ನೀಸಾ ಹಿತ್ತಲ ಕಟ್ಟೆಯ ಮೇಲೆ ಕಾಲು ಚಾಚಿ ಕೂತಳು. “ಊರಿಗೆ ಬರೀಬ್ಯಾಡ. ಆ ಮಾವಂಗೂ ಬರೀಬ್ಯಾಡ. ನಂಗೆ ಹೇಳು. ನಂಗೆ ನಗು ಬಂದ್ರೆ ಬರ್ಕೊ, ನಗು ಬರ್ನಿಲ್ಲ ಅಂದ್ರೆ ಬುಡು. ಎಲ್ಲೋದ ಆ ಹುಡ್ಗ?”

“ಹೊರಕ್ಕೆ ಬಂದ.”

“ಮದುವೆ ಮನೇಲಿ ಅವ್ನಿಗೆ ನಿದ್ದೆ ಎಲ್ಲಿತ್ತು, ಪಾಪ.”

ಗಿರಿಜಾಂಬ ಅವಳ ಮುಖ ನೋಡಿದಳು. ಹೌದಲ್ಲ, ಅವನಿಗೆ ಮೂರು ದಿನದಿಂದ ನಿದ್ದೆಯಿಲ್ಲ. ದಾರಿಯಲ್ಲಿ ನಿಂತಿದ್ದ ಹುಲ್ಲಿನ ಗಾಡಿ ಹತ್ತಿ ಮಲಗಿಬಿಡುತ್ತಾನೆ. ಗಾಡಿ ಹೊರಡುತ್ತದೆ, ಯಾವ ಊರಿಗೋ. ಕರೀಮುನ್ನೀಸಾ ಕಟ್ಟೆಯ ಮೇಲೆ ಹೊರಳಿ ಹೊರಳಿ ನಕ್ಕಳು. ಗಿರಿಜಾಂಬ ಬರೆದುಕೊಂಡಳು. ಆಮೇಲೆ ಹೇಳುವುದು ಮುಂದೆ, ಬರೆಯುವುದು ಹಿಂದೆ. ಲೇಖನಿಗೆ ಉಸಿರಾಡಲು ಬಿಡುವಿಲ್ಲ. ಒಂದು ವಾರದಲ್ಲಿ ಇಪ್ಪತ್ತು ಹಾಳೆ ತುಂಬಿದವು. ಕರೀಮುನ್ನೀಸಾ ಅವನ್ನು ಸೆರಗಿನಡಿ ಅಡಗಿಸಿಕೊಂಡು ಉಪ್ಪು ಕೊಳ್ಳುವ ನೆಪದಲ್ಲಿ ಹೋಗಿ ರದ್ದಿಯ ರಾಶಿಯೊಳಗೆ ಸೇರಿಸಿದಳು.

ಹಾಳೆ ಸಿಕ್ಕಿದ ಸುದ್ದಿ ಹಬ್ಬಲು ಅರ್ಧ ಗಂಟೆ ಹಿಡಿಯಲಿಲ್ಲ. ಪೊಟ್ಟಣ ಕಟ್ಟಕೂಡದು, ಎಲ್ಲರೆದುರು ಓದಬೇಕು ಎಂದು ತೀರ್ಮಾನವಾಯಿತು. ಹನುಮಂತಯ್ಯ ಬೆಲ್ಲದ ಬುಟ್ಟಿಯ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡರು. ಗಿರಿಜಾಂಬ ಬಾಗಿಲ ಹಿಂದೆ ನಿಂತಳು.

“ಮೂರು ದಿನದಿಂದ ನಿದ್ದೆಗೆಟ್ಟಿದ್ದ ಮದುಮಗ,” ಮೇಷ್ಟ್ರು ಹಾಳೆಯನ್ನು ಹತ್ತಿರ ಹಿಡಿದರು, “ಗೋಡೆ ಹತ್ತಿ ಮಲಗಿಬಿಟ್ಟ.”

“ಗೋಡೆ ಮೇಲೆ ಯಾಕ್ ಮಲಗ್ದ?” ಯಾರೋ ಕೇಳಿದರು.

“ಅದು ವಿರಹ. ವಿರಹಿಗೆ ಹಾಸಿಗೆ ಸೇರದು. ಕವಿ ಇಲ್ಲಿ ಬಹಳ ಆಳವಾಗಿ ಹೇಳಿದ್ದಾನೆ. ಮುಂದೆ, ಗೋಡೆ ಗಡಗಡ ಉರುಳುತ್ತಾ ಹೊರಟಿತು.”

“ಗೋಡೆ ಅಲ್ಲ, ಗಾಡಿ” ಎಂದು ಬಾಗಿಲ ಹಿಂದಿನಿಂದ ದೊಡ್ಡ ದನಿಯಲ್ಲೇ ಮಾತು ಬಂತು.

ಎಲ್ಲರೂ ತಿರುಗಿದರು. ಗಿರಿಜಾಂಬ ತನಗೇ ಅರಿವಿಲ್ಲದೆ ಹೊಸ್ತಿಲ ಮೇಲೆ ಬಂದು ನಿಂತಿದ್ದಳು. ಚನ್ನಲಿಂಗಪ್ಪನ ಕೈಯಲ್ಲಿ ತಕ್ಕಡಿ ತೂಗಾಡುತ್ತಿತ್ತು.

“ನಿಂಗೆ ಹೆಂಗೊತ್ತು ಗಿರಿಜಾ?”

“ನಾನೇ ಬರ್ದಿದ್ದು. ಅಕ್ಷರ ಒಸಿ ಕೆಟ್ಟೋಗೈತೆ.”

“ಹಾಗಾದರೆ ವಿರಹವಲ್ಲವೆ?” ಎಂದರು ಹನುಮಂತಯ್ಯ ಸಣ್ಣ ದನಿಯಲ್ಲಿ.

“ಅಲ್ಲ ಮೇಷ್ಟ್ರೇ, ನಿದ್ದೆ.”

ಆಗ ಅವಳ ಹಿಂದೆ ಬಸವಲಿಂಗಮ್ಮನ ದನಿ ಕೇಳಿತು. “ಆ ಕಥೇಲಿ ಗೊರಕೆ ಹೊಡೆಯೋ ಅತ್ತೆ ಒಬ್ಳವ್ಳಂತಲ್ಲ. ಯಾರವ್ಳು?”

ಗಿರಿಜಾಂಬ ಅತ್ತೆಯ ಕಡೆ ತಿರುಗಿದಳು. “ಕಬ್ಬಾಳಿನೋಳು, ಅತ್ತೆ.”

ಬಸವಲಿಂಗಮ್ಮ ತಲೆಯಾಡಿಸಿದಳು. “ಕಬ್ಬಾಳಿನೋರಾದ್ರೆ ಹೊಡಿತಾರೆ. ಓದು.”

ಮೊದಲು ನಕ್ಕವನು ಚನ್ನಲಿಂಗಪ್ಪ. “ವಿದ್ವಾಂಸ ವಿದ್ವಾಂಸ ಅಂತ ಊರೆಲ್ಲ ಹೇಳ್ಕಂಡು ಬಂದೆ” ಎಂದ. “ಬೆಂಗ್ಳೂರು ಅಂದಿದ್ದೊಂದು ತಪ್ಪಾಯ್ತು.” ಹೆಂಡತಿ ಕೂರಲೆಂದು ಕೈಗೆ ಸಿಕ್ಕ ಚೀಲವೊಂದನ್ನು ಮುಂದಕ್ಕೆಳೆದ. ಮೇಷ್ಟ್ರು ಹಾಳೆಗಳನ್ನು ಎರಡೂ ಕೈಯಿಂದ ಅವಳಿಗೆ ಒಪ್ಪಿಸಿದರು.

ಮೊದಲ ಎರಡು ಸಾಲನ್ನು ಅವಳು ಹಾಳೆಯಿಂದ ಕಣ್ಣೆತ್ತದೆ ಓದಿದಳು. ಮೂರನೆಯದಕ್ಕೆ ಬೀದಿಯಲ್ಲಿ ನಿಂತಿದ್ದ ಕರೀಮುನ್ನೀಸಾ, ಮುಂದೇನು ಬರುತ್ತದೆಂದು ಮೊದಲೇ ಗೊತ್ತಿದ್ದ ಒಬ್ಬಳೇ ಒಬ್ಬಳು, ತಡೆಯಲಾರದೆ ಕಿಸಕ್ಕನೆ ನಕ್ಕಳು. ಅಲ್ಲಿಂದ ಗಿರಿಜಾಂಬ ಹಿಂದೆ ನೋಡಲಿಲ್ಲ. ಕೆರೆ ಏರಿಯ ಮೇಲೆ ಚೆಲುವಿಯೂ ಆ ಹುಡುಗನೂ ಒಬ್ಬರಿಗೊಬ್ಬರು ಗುರುತಿಲ್ಲದೆ ದಾರಿಗಾಗಿ ಜಗಳಕ್ಕೆ ನಿಲ್ಲುವುದನ್ನು ಅವಳು ಇಬ್ಬರ ದನಿಯಲ್ಲೂ ಓದಿದಳು. ಬಸವಲಿಂಗಮ್ಮ ಕಂಬ ಹಿಡಿದುಕೊಂಡು ನಕ್ಕಳು.

ಕೊನೆಯ ಸಾಲು ಮುಗಿದದ್ದೇ ಅವಳ ಮೂಗು ನವೆಯೆದ್ದಿತು. ಚನ್ನಲಿಂಗಪ್ಪ ಎಳೆದುಕೊಟ್ಟಿದ್ದು ಒಣಮೆಣಸಿನಕಾಯಿ ಚೀಲ. ಅವಳು ಸೀನಿದಳು, ಮೇಷ್ಟ್ರು ಸೀನಿದರು, ಎದ್ದು ಚೀಲ ಸರಿಸಲು ಹೋದ ಚನ್ನಲಿಂಗಪ್ಪ ಅದರ ಬಾಯಿ ಬಿಚ್ಚಿಹಾಕಿ ಅಂಗಡಿಯವರೆಲ್ಲರನ್ನೂ ಸೀನಿಸಿದ. ಸೀನುತ್ತ, ನಗುತ್ತ, ಕಣ್ಣೊರೆಸಿಕೊಳ್ಳುತ್ತ ಜನ ಬೀದಿಗೆ ಬಿದ್ದರು. ಅಷ್ಟರ ನಡುವೆಯೂ ಒಬ್ಬರು ಸೀನು ಸೀನಿನ ಸಂದಿಯಲ್ಲಿ, ಮುಂದಿನ ಕಥೆ ಯಾವಾಗ ಎಂದು ಕೇಳಿದರು. ಗಿರಿಜಾಂಬ ಹೇಳಲೆಂದು ಬಾಯಿ ತೆರೆದಳು. ಮತ್ತೊಂದು ಸೀನು ಬರುತ್ತಿತ್ತು.