ಯಾರ ಹೆಸರಿನಲ್ಲಿ ಈ ಬೋರ್ಸೋಕ್

ಬುರುಲ್ಚಾ ಬೋರ್ಸೋಕ್ ಕರಿದರೆ ಎಣ್ಣೆಯ ಘಮ ಬೀದಿಯ ಆ ತುದಿಗೂ ಹೋಗುತ್ತಿತ್ತು. ಶುಕ್ರವಾರ ಶಾಲೆಯ ಅಡುಗೆಮನೆಯಲ್ಲಿ ಅವಳಿಗೆ ಅರ್ಧ ದಿನವಷ್ಟೇ ಕೆಲಸ. ಕರಿದ ಆ ಬಿಸಿ ರೊಟ್ಟಿತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಒಬ್ಬಳೇ ಇದ್ದ ತುರ್ಸುನ್ ಅಜ್ಜಿಯ ಮನೆಗೆ ಹೋಗುವುದು ಎರಡು ವರ್ಷದಿಂದ ತಪ್ಪಿರಲಿಲ್ಲ. ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಅಜ್ಜಿಯ ಒಲೆಗೆ ಕಲ್ಲಿದ್ದಲು ತುಂಬುವುದು, ತಲೆ ಬಾಚುವುದು, ಕಾಲು ತಿಕ್ಕುವುದು ಎಲ್ಲ ಬುರುಲ್ಚಾಳದೇ.

ನಾರಿನ್ ಪಟ್ಟಣದ ಪಕ್ಕದ ಆ ಮುಸ್ಲಿಂ ಹಳ್ಳಿಯಲ್ಲಿ ಯೇಸುವನ್ನು, ಅವರ ಮಾತಿನಲ್ಲಿ ಈಸಾನನ್ನು, ನಂಬಿದ ಮನೆಗಳು ಮೂರೇ ಮೂರು. ಗೊತ್ತಾದರೆ ಊರವರು ಮಾತು ಬಿಡುತ್ತಾರೆ, ಸತ್ತರೆ ಹೂಳಲು ಜಾಗವನ್ನೂ ಕೊಡುವುದಿಲ್ಲ. ಅದಕ್ಕೇ ಬುರುಲ್ಚಾ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಪ್ರೀತಿಯಿಂದ ನಡೆದುಕೊಂಡರೆ ಸಾಕು, ನೋಡಿದವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದು ಅವಳ ಸಮಾಧಾನ. ಅರ್ಥವೇನೋ ಮಾಡಿಕೊಳ್ಳುತ್ತಾರೆ, ಸರಿ. ಏನಂತ ಎಂಬುದನ್ನು ಪುಣ್ಯಾತ್ಗಿತ್ತಿ ಯೋಚಿಸಿರಲಿಲ್ಲ.

ಅದು ಕೊನೆಯ ಶುಕ್ರವಾರ. ಭಾನುವಾರ ಅಜ್ಜಿಯ ತಮ್ಮನ ಮಗ ಬಂದು ಅವಳನ್ನು ಓಶ್ ನಗರಕ್ಕೆ ಕರೆದೊಯ್ಯುವವನಿದ್ದ. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳುವಂತಿಲ್ಲ ಎಂಬ ಸಂಕಟದಲ್ಲೇ ಬುರುಲ್ಚಾ ಅಜ್ಜಿಯ ಕಾಲು ತಿಕ್ಕುತ್ತಿದ್ದಳು.

"ಹೋಗೋ ಮುಂಚೆ ಒಂದು ಕೇಳ್ತೀನಿ ಕಣೇ. ತೀರಿಹೋದ ನಿಮ್ಮಮ್ಮ ಈಗಲೂ ಕನಸಲ್ಲಿ ಬರ್ತಾಳಾ?" ಎಂದಳು ಅಜ್ಜಿ.

"ಇಲ್ಲ ಅಜ್ಜಿ. ಯಾಕೆ?"

"ಹಾಗಾದ್ರೆ ತೃಪ್ತಿಯಾಗಿದ್ದಾಳೆ ಬಿಡು. ನಾನೇನು ಕಮ್ಮಿ ಓದಿದ್ದೀನಾ? ನೀನು ತಂದಾಗೆಲ್ಲ ಅವಳ ಹೆಸರಲ್ಲೇ ಖುರಾನ್ ಓದಿದ್ದೀನಿ. ಹೆತ್ತವಳಿಗೋಸ್ಕರ ಎರಡು ವರ್ಷ ಎಣ್ಣೆ ಕಾಯಿಸೋ ಮಗಳು ಈ ಊರಲ್ಲಿ ಇನ್ಯಾರಿದ್ದಾರೆ!"

ಬುರುಲ್ಚಾಳ ಕೈ ನಿಂತೇಹೋಯಿತು. ಶುಕ್ರವಾರ ಎಣ್ಣೆ ಕಾಯಿಸಿದರೆ ಅದರ ಘಮ ಸತ್ತವರನ್ನು ಮುಟ್ಟುತ್ತದೆ, ಕರಿದದ್ದನ್ನು ತಿಂದವರು ಅವರಿಗಾಗಿ ಪ್ರಾರ್ಥಿಸಬೇಕು ಎಂಬುದು ಊರಿನ ನಂಬಿಕೆ. ಅವಳೂ ಅದೇ ಪದ್ಧತಿಯಲ್ಲಿ ಬೆಳೆದವಳು. ತಾನು ಬಿಟ್ಟ ಮೇಲೆ ಊರೂ ಬಿಟ್ಟಿತು ಅಂದುಕೊಂಡಿದ್ದಳೋ ಏನೋ! ತಾನು ಯೇಸುವಿಗಾಗಿ ಮಾಡಿದ್ದೆಲ್ಲ ಸತ್ತ ಅಮ್ಮನ ಪಾಲಿಗೆ ಹೋಗಿತ್ತು. ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು.

"ಅಮ್ಮನಿಗೋಸ್ಕರ ಅಲ್ಲ ಅಜ್ಜಿ," ಎಂದಳು. "ನಾನು ಈಸಾನನ್ನ ನಂಬಿದೋಳು. ಆರು ವರ್ಷ ಆಯ್ತು. ಅವನು ನನ್ನನ್ನ ಪ್ರೀತಿಸಿದ, ಅದಕ್ಕೇ ಬರ್ತಿದ್ದೆ."

ಅಜ್ಜಿ ಕಾಲನ್ನು ಎಳೆದುಕೊಂಡಳು. ಗೋಡೆಯ ಕಡೆ ಮುಖ ತಿರುಗಿಸಿದಳು. ಬುರುಲ್ಚಾ ಶಾಲು ಸರಿಮಾಡಿಕೊಂಡು ಏಳಲು ಹೊರಟಳು.

"ಎಲ್ಲಿಗೆ ಹೊರಟೆ? ಕೂತ್ಕೋ!" ಅಜ್ಜಿ ಗದರಿದಳು. "ಎರಡು ವರ್ಷ ಸುಮ್ಮನೆ ಓದಿಸಿದೆಯಲ್ಲೇ ನನ್ನ ಕೈಲಿ! ಅದು ಒಳ್ಳೇದಾಗಿದ್ರೆ ಯಾಕೆ ಬಚ್ಚಿಟ್ಟೆ?"

"ಹೆದರಿಕೆ ಅಜ್ಜಿ. ಬಾಗಿಲು ಹಾಕ್ತೀರಿ ಅಂತ."

"ಈ ಸೊಂಟ ಇಟ್ಕೊಂಡು ನಾನು ಎದ್ದು ಬಾಗಿಲು ಹಾಕ್ತೀನಾ?" ಅಜ್ಜಿಗೆ ಸಿಟ್ಟಿನಲ್ಲೂ ನಗು ಬಂತು, ಹಾಗೇ ಹೋಯಿತು. "ತಿನ್ನಿಸಿದೆ, ತಿಕ್ಕಿದೆ. ನನ್ನನ್ನ ಬರೀ ಹೊಟ್ಟೆ, ಕಾಲು ಅಂದ್ಕೊಂಡ್ಯಾ? ಕಿವಿ ಇರಲಿಲ್ವಾ ನನಗೆ? ಒಪ್ಪೋದು ಬಿಡೋದು ನನ್ನ ಪಾಡು ಕಣೇ. ಹೇಳೋದು ನಿಂದಾಗಿತ್ತು."

ಬುರುಲ್ಚಾ ಕಣ್ಣೊರೆಸಿಕೊಂಡಳು. ಹೇಳಿ ಅಭ್ಯಾಸವಿಲ್ಲ, ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ.

"ಈಸಾ ನಮಗೂ ಪ್ರವಾದೀನೇ. ನಿನಗೆ ಅದಕ್ಕಿಂತ ಹೆಚ್ಚು ಏನು ಸಿಕ್ತು, ಅದನ್ನ ಹೇಳು," ಎಂದಳು ಅಜ್ಜಿ.

ತಡವರಿಸುತ್ತ, ಹೇಳಿದ್ದನ್ನೇ ಮತ್ತೆ ಹೇಳುತ್ತ, ಬುರುಲ್ಚಾ ಹೇಳತೊಡಗಿದಳು. ಅವನು ಕುಷ್ಠರೋಗಿಗಳನ್ನು ಮುಟ್ಟಿದ್ದು, ಅವನನ್ನು ಶಿಲುಬೆಗೇರಿಸಿದ್ದು, ಮೂರನೆಯ ದಿನ ಎದ್ದು ಬಂದದ್ದು. ಮಸೀದಿಯಿಂದ ಕರೆ ಕೇಳಿಸಿದಾಗ ಅಜ್ಜಿ ಕೈಯೆತ್ತಿ ಅವಳನ್ನು ತಡೆದಳು. ಮಲಗಿದಲ್ಲೇ ನಿಧಾನವಾಗಿ ನಮಾಜು ಮುಗಿಸಿದಳು.

ಆಮೇಲೆ ಇತ್ತ ತಿರುಗಿ, "ಹ್ಞೂಂ, ಎದ್ದು ಬಂದ. ಮುಂದೆ?" ಎಂದಳು.