ನುಣುಪು ಹುಲ್ಲು, ರೋಮದ ಹುಲ್ಲು

ನಾನೂ ನನ್ನ ತಮ್ಮನೂ ಒಂದೇ ಗಾಜಿನ ಮನೆಯಲ್ಲಿ ಮಾಲಿಗಳು. ಸಸ್ಯಗಳ ಮೇಲೆ ಸಂಶೋಧನೆ ಮಾಡುವವರು ಅಲ್ಲಿ ಗಿಡ ಬೆಳೆಸುತ್ತಾರೆ, ನೀರು ಹಾಕಿ ಕಳೆ ಕೀಳುವುದು ನಮ್ಮ ಕೆಲಸ. ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ಅವನದು. ಇಪ್ಪತ್ತು ವರ್ಷದಿಂದ ಒಂದೇ ಪೈಪು, ಒಂದೇ ಕತ್ತರಿ. ಮಾತು ಮಾತ್ರ ಮೂರು ತಿಂಗಳಿಂದ ಇರಲಿಲ್ಲ.

ಹೆಡ್ ಮಾಲಿ ನಿವೃತ್ತನಾಗುವವನಿದ್ದ. ಹುದ್ದೆ ಒಂದು, ಅರ್ಜಿ ಎರಡು. ನಾನು ದೊಡ್ಡವನು, ಅದು ನನಗೆ ಸಿಗಬೇಕಾದದ್ದು. ತಮ್ಮ ಬೇಕೆಂದೇ ಅಡ್ಡಗಾಲು ಹಾಕಿದ್ದಾನೆ ಎಂದು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡೆ. ಅವನೂ ಅವನ ಹೆಂಡತಿಯ ಹತ್ತಿರ ಇದನ್ನೇ ಹೇಳಿದ್ದನಂತೆ.

ಅಷ್ಟರಲ್ಲಿ ಒಬ್ಬ ಮೇಡಂ ನಲವತ್ತು ಕುಂಡ ಇಡಿಸಿದರು. ಇಪ್ಪತ್ತರಲ್ಲಿ ಕುಂಡಕ್ಕೆ ಒಂದು ಹುರುಳಿಬಳ್ಳಿ, ಒಂದು ಗೆಡ್ಡೆ ಗಿಡ. ಒಂದಕ್ಕೊಂದು ಸಂಬಂಧವೇ ಇಲ್ಲ. ಉಳಿದ ಇಪ್ಪತ್ತರಲ್ಲಿ ಎರಡು ಜಾತಿಯ ಹುಲ್ಲು, ಒಂದೇ ವಂಶದ ಅಕ್ಕತಂಗಿಯರು.

"ಹತ್ತಿರದ ಸಂಬಂಧ ಇದ್ರೆ ಊಟ ಒಂದೇ, ಬೇರು ಹೋಗೋ ಆಳವೂ ಒಂದೇ. ಅದಕ್ಕೆ ಜಗಳ ಜಾಸ್ತಿ ಅನ್ಸುತ್ತೆ. ದೂರದವು ಹೊಂದ್ಕೊಂಡು ಹೋಗ್ತವೆ. ಅದನ್ನೇ ಪರೀಕ್ಷೆ ಮಾಡ್ತಿದೀನಿ," ಎಂದರು.

"ಇದಕ್ಕೆ ಪರೀಕ್ಷೆ ಯಾಕೆ ಮೇಡಂ? ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಗಾದೆನೇ ಇದೆಯಲ್ಲ," ಎಂದೆ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ನನಗೆ ಬಹಳ ಹೆಮ್ಮೆಯಾಯಿತು.

ಹುಲ್ಲುಗಳನ್ನು ನೋಡಿದರೆ ತದ್ರೂಪು. ಎಲೆಯ ಅಡಿ ಬೆರಳಾಡಿಸಿದರೆ ಮಾತ್ರ ಒಂದು ನುಣುಪು, ಇನ್ನೊಂದಕ್ಕೆ ರೋಮ ಎಂದು ನನಗೆ ಗೊತ್ತಾದದ್ದು ಆಮೇಲೆ. ಕುಂಡಗಳಲ್ಲಿ ನೆಟ್ಟು ಮಿಕ್ಕ ನುಣುಪು ಸಸಿಯ ತಟ್ಟೆಯನ್ನು ಮೇಡಂ ಗುರುತಿಗೆಂದು ನನಗೆ ಕೊಟ್ಟರು, ರೋಮದ್ದು ತಮ್ಮನಿಗೆ. "ಇಬ್ಬರೂ ಒಬ್ಬರಿಗೊಬ್ಬರು ತೋರಿಸ್ಕೊಂಡು ಗುರುತು ಇಟ್ಕೊಳ್ಳಿ. ಬೇರೆ ಏನೇ ಬೆಳೆದ್ರೂ ಕಿತ್ತು ಹಾಕಿ," ಎಂದು ಹೇಳಿ ಒಂದು ತಿಂಗಳು ಪರ ಊರಿಗೆ ಹೋದರು.

ತೋರಿಸಿಕೊಳ್ಳುವುದೇ? ಅವನ ಮುಖ ನೋಡುವುದೇ ಬೇಡ ಎಂದಿದ್ದವನು ಅವನ ತಟ್ಟೆ ಯಾಕೆ ನೋಡಲಿ? ನನ್ನ ತಟ್ಟೆಯದು ನುಣುಪು, ಅವನದೂ ಹಾಗೇ ಇರಬೇಕೆಂದುಕೊಂಡು, ಕುಂಡದಲ್ಲಿ ಕೈಗೆ ರೋಮ ತಗುಲಿದ್ದೆಲ್ಲ ಕಳೆ ಎಂದು ದಿನಾ ಬೆಳಗ್ಗೆ ಕಿತ್ತೆ. ಆದರೆ ನನ್ನ ನುಣುಪು ಹುಲ್ಲೂ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಬಂತು. ನನ್ನ ಹೆಸರು ಕೆಡಿಸಲು ತಮ್ಮನೇ ಕೀಳುತ್ತಿದ್ದಾನೆ ಎಂದು ಖಾತ್ರಿಯಾಯಿತು. ಮೇಡಂ ಬರಲಿ, ಇವನ ಬಣ್ಣ ಬಯಲು ಮಾಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಮೇಡಂ ಬಂದರು. ಹುರುಳಿಯೂ ಗೆಡ್ಡೆಯೂ ಸೊಗಸಾಗಿ ನಿಂತಿದ್ದವು. ಅಕ್ಕತಂಗಿಯರ ಇಪ್ಪತ್ತು ಕುಂಡಗಳಲ್ಲಿ ಬರೀ ಮಣ್ಣು.

"ಎರಡೂ ಒಂದನ್ನೊಂದು ಮುಗಿಸಿಬಿಟ್ಟಿವೆ," ಎಂದು ಅವರು ಪಿಸುಗುಟ್ಟಿದರು. ಅವರ ಕಣ್ಣಲ್ಲಿ ನೀರಿತ್ತು. "ಇಷ್ಟು ಸ್ಪಷ್ಟವಾಗಿ ಯಾರಿಗೂ ಸಿಕ್ಕಿಲ್ಲ. ನಾಳೆನೇ ಎಲ್ಲರಿಗೂ ತೋರಿಸ್ತೀನಿ."

ಮಧ್ಯಾಹ್ನ ಚಾಡಿ ಹೇಳಲು ಅವರ ಕೋಣೆಗೆ ಹೋದೆ. ಬಾಗಿಲ ಹತ್ತಿರ ಹೋದರೆ ಒಳಗೆ ತಮ್ಮನ ದನಿ.

"ಅವು ಜಗಳಾಡಿ ಸತ್ತಿಲ್ಲ ಮೇಡಂ, ನಾನು ಕಿತ್ತೆ. ನುಣುಪಿಂದು ಕಳೆ ಅನ್ಕೊಂಡೆ."

"ರೋಮದ್ದು? ಅದನ್ನ ನಿಮಗೆ ನಾನೇ ಕೊಟ್ಟಿದ್ದೆನಲ್ಲ?"

ಬಾಗಿಲ ಹೊರಗೆ ನನಗೆ ಆಗ ಹೊಳೆಯಿತು. ತಿಂಗಳಿಡೀ ನಾನು ಕಿತ್ತದ್ದು ಕಳೆಯಲ್ಲ, ಮೇಡಂ ನೆಟ್ಟದ್ದು.

"ಅದನ್ನೂ ನಾನೇ ಕಿತ್ತೆ," ಎಂದ ತಮ್ಮ.

"ಎರಡನ್ನೂ ಯಾಕೆ ಕಿತ್ತಿರಿ?"

"ಕುಂಡ ಚೊಕ್ಕವಾಗಿರ್ಲಿ ಅಂತ."

ಇಂಥ ಪೆದ್ದು ಸುಳ್ಳು ನನ್ನ ತಮ್ಮನಿಂದ ಮಾತ್ರ ಸಾಧ್ಯ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಒಳಗೆ ಹೋಗಿ, "ರೋಮದ್ದು ಕಿತ್ತವನು ನಾನು ಮೇಡಂ," ಎಂದೆ. ಅವರು ನಮ್ಮಿಬ್ಬರನ್ನೂ ಒಂದು ನಿಮಿಷ ನೋಡಿ, ಮೇಜಿನ ಮೇಲೆ ತಲೆಯಿಟ್ಟು ನಕ್ಕರೋ ಅತ್ತರೋ ತಿಳಿಯಲಿಲ್ಲ.

ಹೊರಗೆ ಬಂದು ಕೇಳಿದೆ: "ನನ್ನ ತಪ್ಪೂ ಯಾಕೋ ಮೈಮೇಲೆ ಹಾಕ್ಕೊಂಡೆ?"

"ಇವತ್ತು ನಿನ್ನ ಕಳೆ ಬಕೆಟ್‌ನಲ್ಲಿ ರೋಮದ ಹುಲ್ಲು ನೋಡಿದ್ಮೇಲೆ ಎಲ್ಲಾ ಗೊತ್ತಾಯ್ತು. ನಿಂಗೆ ಸುಳ್ಳು ಹೇಳೋಕೆ ಬರಲ್ಲ ಅಣ್ಣ. ಸಿಕ್ಕಿಹಾಕ್ಕೊಳ್ತಿದ್ದೆ ನೀನು."

ಇಷ್ಟು ತಿಂಗಳಾದ ಮೇಲೆ ಅವನ ಬಾಯಲ್ಲಿ ಅಣ್ಣ ಎಂದು ಕೇಳಿದ್ದು.

ಹುದ್ದೆ ಅವನಿಗೇ ಹೋಯಿತು. ತಪ್ಪನ್ನು ತಾನಾಗಿ ಮೊದಲು ಒಪ್ಪಿಕೊಂಡವನು ಅವನು ಎಂದು ಗಾಜಿನ ಮನೆಯ ಮೇಲಿನ ಸಾಹೇಬರು ಹೇಳಿದರು. ಕಿತ್ತದ್ದು ಇಬ್ಬರೂ, ಬಡ್ತಿ ಒಬ್ಬನಿಗೆ. ಹೊಟ್ಟೆ ಉರಿಯಲಿಲ್ಲ ಎಂದರೆ ನೀವೂ ನಂಬುವುದಿಲ್ಲ. ಆದರೆ ಹೆಡ್ ಮಾಲಿಯಾದ ಮೊದಲ ದಿನವೇ ಅವನು ಎರಡು ತಟ್ಟೆ ತಂದು ನನ್ನ ಮುಂದೆ ಹಿಡಿದು, "ಮುಟ್ಟಿ ನೋಡು," ಎಂದ. ಮುಟ್ಟಿದೆ.

ಹುಲ್ಲನ್ನು ಮತ್ತೆ ಬಿತ್ತಿದರು. ನಾಲ್ಕು ತಿಂಗಳಾದ ಮೇಲೆ ಮೇಡಂ ಒಂದೊಂದೇ ಕುಂಡ ಮಗುಚಿ ಬೇರು ತೊಳೆದು ನೋಡಿದರು. ಹದಿನಾಲ್ಕರಲ್ಲಿ ಅಕ್ಕತಂಗಿಯರಿಬ್ಬರೂ ಬದುಕಿದ್ದರು. ಒಬ್ಬಳ ಬೇರು ಮೇಲುಮಣ್ಣಲ್ಲೇ ಹರಡಿತ್ತು, ಇನ್ನೊಬ್ಬಳದು ತಳಕ್ಕಿಳಿದಿತ್ತು.

"ನಿಮ್ಮ ಗಾದೆ ಪೂರ್ತಿ ನಿಜ ಅಲ್ಲ," ಎಂದರು ನನಗೆ. ಆಮೇಲೆ ಉಳಿದ ಆರು ಕುಂಡಗಳನ್ನು ತೋರಿಸಿದರು. "ಇವುಗಳಲ್ಲಿ ಮಾತ್ರ ಒಂದೊಂದು ಹೋಗಿದೆ."

ಹೇಳಿ ತಲೆಯೆತ್ತಿ ನಮ್ಮ ಕಡೆ ನೋಡಿದರು.

"ನಾವಲ್ಲ ಮೇಡಂ," ಎಂದೆವು ಇಬ್ಬರೂ ಒಟ್ಟಿಗೆ.